ಕುದುರೆಯ ಒಪ್ಪತ್ತು

ನಮ್ಮ ಮನೆಯ ಕುದುರೆಗೆ ಹುಚ್ಚು ಎಂದು ಊರು ತೀರ್ಮಾನ ಮಾಡಿದ್ದು ಮದ್ದೂರಿನ ಒಂದು ಮದುವೆಯಲ್ಲಿ. ಈಗೆಲ್ಲ ಮದುಮಗ ಛತ್ರದ ಬಾಗಿಲಿಗೆ ಕಾರಿನಲ್ಲಿ ಬಂದಿಳಿದರೆ ಫೋಟೋದವರಿಗೇ ಸಮಾಧಾನವಿಲ್ಲ, ಬಿಳಿ ಕುದುರೆ ಬೇಕು. ಅದನ್ನು ನೋಡಿಯೇ ನಮ್ಮ ಮನೆಯವರು ಮಂಡ್ಯದ ಕಡೆಯ ಒಬ್ಬರಿಂದ ಈ ಹೆಣ್ಣು ಕುದುರೆಯನ್ನು ಬಾಡಿಗೆಗೆ ಬಿಡಲೆಂದು ಕೊಂಡು ತಂದಿದ್ದರು. ಇನ್ನೂ ಎಳೆಯದು. ತೊಳೆದಿಟ್ಟ ಅಕ್ಕಿಯ ಬಣ್ಣ.

ಮೊದಲನೇ ಮದುವೆಯಲ್ಲೇ ಬ್ಯಾಂಡಿನವರು ಡ್ರಮ್ಮಿಗೆ ಕೋಲು ಹಾಕಿದ ಕೂಡಲೇ ಅದು ಮುಂಗಾಲೆತ್ತಿ ನಿಂತಿತು. ಆಮೇಲೆ ಓಡಿತು. ಛತ್ರದ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬ ಎದುರಿಗೆ ಬಂದಾಗ ಮದುಮಗ ಅದನ್ನೇ ತಬ್ಬಿಕೊಂಡನಂತೆ. ಕುದುರೆ ಒಳಗೆ ಹೋಯಿತು, ಮದುಮಗ ಬಾಳೆಕಂಬದಲ್ಲೇ ಉಳಿದ. ಯಾರಿಗೂ ಏಟಾಗಲಿಲ್ಲ. ನಮ್ಮ ಮನೆಯವರು ಮಾತ್ರ ತಲೆಗೆ ಟವೆಲ್ಲು ಹಾಕಿಕೊಂಡು ಮನೆಗೆ ಬಂದರು.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಆದ ಒಳ್ಳೆಯದನ್ನು ದೇವರ ಮುಂದೆ ನಿಂತು ಹೇಳುವುದು ನನ್ನ ಅಭ್ಯಾಸ. ದೊಡ್ಡದೇನಲ್ಲ. ಹಾಲು ಒಡೆಯಲಿಲ್ಲ, ನಲ್ಲಿ ನೀರು ಬೇಗ ಬಂತು, ಅತ್ತೆಯ ಮೊಣಕಾಲು ಸುಮ್ಮನಿತ್ತು, ಇಂಥವೇ. ಕೇಳುವುದನ್ನು ಎಲ್ಲರೂ ಕೇಳುತ್ತಾರೆ, ಕೊಟ್ಟದ್ದನ್ನು ಒಪ್ಪಿಸುವವರೂ ಒಬ್ಬರಿರಲಿ ಅಂತ. ಆ ಸಂಜೆ ನಾನು ಒಪ್ಪಿಸಿದ್ದು ಇದು: ‘ಸ್ವಾಮಿ, ಆ ಬಾಳೆಕಂಬವನ್ನು ಗಟ್ಟಿಯಾಗಿ ಕಟ್ಟಿದವನ ಕೈ ತಣ್ಣಗಿರಲಿ.’

ಮಾರನೆಯ ದಿನ ಪಕ್ಕದ ಮನೆಯ ಅಕ್ಕ ಕುದುರೆ ನೋಡಲು ಬಂದಳು. ನೋಡುವುದೆಂದರೆ ಸುಳಿ ನೋಡುವುದು. ನಮ್ಮ ಕಡೆ ಎತ್ತು ತಂದರೂ ಹಸು ತಂದರೂ ಮೊದಲು ಮೈಮೇಲಿನ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ ಎಂದು ಹುಡುಕುತ್ತಾರೆ. ಒಂದು ಸುಳಿ ಮನೆ ತುಂಬಿಸುತ್ತದೆ, ಇನ್ನೊಂದು ಮನೆ ತೊಳೆಯುತ್ತದೆ. ನಮ್ಮ ಮನೆಯವರು ಬಿಳಿ ಬಣ್ಣ ನೋಡಿದ ಸಂಭ್ರಮದಲ್ಲಿ ಅದನ್ನು ಮರೆತಿದ್ದರು. ಅಕ್ಕ ಮರೆಯಲಿಲ್ಲ. ದೂರದಲ್ಲೇ ನಿಂತು, ಕತ್ತು ಉದ್ದ ಮಾಡಿ, ಎಡಗಣ್ಣಿನ ಕೆಳಗೆ ಬೊಟ್ಟು ತೋರಿಸಿದಳು.

“ಅಯ್ಯೋ ಸಿವನೇ, ಕಣ್ಣೀರು ಸುಳಿ ಕಣಮ್ಮಿ! ಕಣ್ಣ ಬುಡದಲ್ಲೇ ಅದೆ. ಇದು ಇರೋ ಮನೇಲಿ ಎಂಗಸ್ರ ಕಣ್ಣು ಒಣಗಾಕಿಲ್ಲ.”

“ಈರುಳ್ಳಿ ಎಚ್ಚೋ ಮನೇಲಿ ಎಂಗಸ್ರ ಕಣ್ಣು ಯಾವತ್ತು ಒಣಗದೆ ಅಕ್ಕ?” ಅಂದೆ.

ಅವಳು ನಗಲಿಲ್ಲ. ನಮ್ಮ ಅತ್ತೆಯೂ ನಗಲಿಲ್ಲ. ಜಗಲಿಯಿಂದ ಎದ್ದು ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಔದು, ಅದೇ ಸುಳಿ” ಅಂದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಮದುವೆಯಲ್ಲಿ ಕುದುರೆ ಓಡಿದ್ದು ಡ್ರಮ್ಮಿಗಲ್ಲ, ಸುಳಿಗೆ. ನಾಲೆಯಲ್ಲಿ ನೀರು ತಡವಾಗಿ ಬಂದದ್ದೂ ಸುಳಿಗೇ ಎಂದು ಯಾರೋ ಹೇಳಿದರಂತೆ. ಹೇಳಲಿ. ನನಗೆ ಮಾತ್ರ ಮೈ ಉರಿಯಿತು. ದಿನಾ ಬೆಳಿಗ್ಗೆ ಎದ್ದು ಕೈಮುಗಿಯುವ ದೇವರೇ ಆ ಕೂದಲನ್ನೂ ಸುತ್ತಿದ್ದಲ್ಲವೇ? ಅವನು ಬರೆದದ್ದನ್ನು ಅಳಿಸಿ ಓದಲು ನಾವು ಯಾರು?

ಆದರೆ ಕುದುರೆಯ ಆಟವೇನೂ ಸಣ್ಣದಾಗಿರಲಿಲ್ಲ, ಅದನ್ನೂ ಹೇಳಬೇಕು. ಕೊಟ್ಟಿಗೆ ನಮ್ಮ ಅಡುಗೆಮನೆಯ ಗೋಡೆಗೇ ಒತ್ತಿಕೊಂಡಿದೆ. ಕುಕ್ಕರು ಕೂಗಿದರೆ ಆ ಕಡೆ ಗೋಡೆಗೆ ಒದೆ ಬೀಳುತ್ತಿತ್ತು. ನಾನು ಬೇಳೆ ಬೇಯಿಸಿದಷ್ಟೂ ಗೋಡೆಯ ಗಾರೆ ಉದುರುತ್ತಿತ್ತು. ನೀರು ಕುಡಿಸಲು ಹೋದರೆ ಬಕೆಟ್ಟು ಒದ್ದು ಹಾರಿಸುತ್ತಿತ್ತು. ನಮ್ಮ ಮನೆಯವರ ಅಂಗಿಯ ತೋಳನ್ನು ಒಮ್ಮೆ ಬೇರು ಸಮೇತ ಕಿತ್ತಿತು. ಅವರು ಬಾರುಕೋಲು ತಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಈ ಮನೇಲಿ ಯಾರೂ ಅದನ್ನ ವಡಿಯಂಗಿಲ್ಲ” ಅಂದೆ.

“ಮತ್ತೆ ಮುದ್ದು ಮಾಡ್ತಾ ಕೂರನಾ? ಅದು ಒದ್ರೆ ನಿನ್ನ ಅಲ್ಲು ಉದುರ್ತವೆ.”

ಜಗಲಿಯಿಂದ ಅತ್ತೆ ಅಂದರು: “ಸುಮ್ಕಿರಪ್ಪ. ಈ ಮನೆಗೆ ಬಂದ ಒಸದ್ರಲ್ಲಿ ಇವಳೂ ಇಂಗೇ ಅಲ್ವಾ ಒದೀತಿದ್ದದ್ದು?”

“ನನ್ಗೆ ಯಾರೂ ಬಾರುಕೋಲು ಎತ್ತಲಿಲ್ವಲ್ಲ ಅತ್ತೆ.”

“ಎತ್ತಿದ್ರೆ ನೀನು ಬುಡ್ತಿದ್ದಾ? ಕಿತ್ಕೊಂಡು ನಮ್ಗೇ ಬಾರಿಸ್ತಿದ್ದೆ.”

ಅತ್ತೆಯ ಬಾಯಲ್ಲಿ ಇದು ಬೈಗುಳವೂ ಹೌದು, ಹೊಗಳಿಕೆಯೂ ಹೌದು. ಬಾರುಕೋಲು ಮೂಲೆಗೆ ಹೋಯಿತು.

ದೀಪಾವಳಿ ಕಳೆದ ವಾರ ಮಳವಳ್ಳಿ ಕಡೆಯ ಒಬ್ಬ ದಳ್ಳಾಳಿ ಬಂದ. ದನ, ಎತ್ತು, ಕುದುರೆ ಎಲ್ಲವನ್ನೂ ಕೊಡಿಸುವ, ಬಿಡಿಸುವ ಮನುಷ್ಯ. ನಮ್ಮ ಮನೆಯವರೇ ಹೇಳಿಕಳಿಸಿದ್ದರು. ನಾನು ಕಾಫಿ ಲೋಟ ಕೊಡುವಾಗ ಅವನು ಹೇಳುತ್ತಿದ್ದ: “ಮದುವೆಗೆ ಗಿದುವೆಗೆ ಇದು ಆಗಾಕಿಲ್ಲ ಕಣಣ್ಣ. ಇಟ್ಟಿಗೆ ಗೂಡಿಗೆ ಆಕಿಸ್ತೀನಿ. ಒಂದು ತಿಂಗಳು ಮಣ್ಣು ಎಳುದ್ರೆ ಸುಳಿ ಗಿಳಿ ಎಲ್ಲಾ ಬೆವರಲ್ಲಿ ಓಯ್ತದೆ.”

ನಾನು ಇಟ್ಟಿಗೆ ಗೂಡಿನ ಕುದುರೆಗಳನ್ನು ನೋಡಿದ್ದೇನೆ. ಬೆನ್ನ ಮೇಲೆ ಹಗ್ಗ ಉಜ್ಜಿದ ಗಾಯ, ಗಾಯದ ಮೇಲೆ ನೊಣ, ನೊಣ ಓಡಿಸಲು ಬಾಲ ಎತ್ತುವ ಶಕ್ತಿಯೂ ಇಲ್ಲ. ಮೆತ್ತಗಾಗಿರುತ್ತವೆ, ನಿಜ. ಹಾಗೆ ಮೆತ್ತಗಾಗಲು ನನ್ನ ಕೊಟ್ಟಿಗೆಯಿಂದ ಒಂದು ಜೀವ ಹೋಗಬೇಕೇ?

ಕಾಫಿ ಲೋಟ ಅವನ ಕೈಗೆ ಹೋಗುವ ಮೊದಲೇ ಬಾಯಿಂದ ಮಾತು ಹೊರಟಿತು. “ಕೊಡಾಕಾಗಲ್ಲ. ಅರಕೆ ಅದೆ.”

“ಯಾವ ಅರಕೆ?” ನಮ್ಮ ಮನೆಯವರು ತಿರುಗಿ ನೋಡಿದರು.

“ಕಡೇ ಕಾರ್ತಿಕ ಸೋಮವಾರ ಈ ಕುದ್ರೇನ ನಾನೇ ಕೈಯಲ್ಲಿ ಇಡ್ಕೊಂಡು ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ನಡೆಸ್ಕೊಂಡು ಬತ್ತೀನಿ ಅಂತ.”

“ಯಾವಾಗ ಒತ್ಕೊಂಡೆ?”

“ಈಗ.”

ಸುಳ್ಳಲ್ಲ. ಹೇಳುತ್ತಿರುವಾಗಲೇ ಮನಸ್ಸಿನಲ್ಲಿ ಕೈಮುಗಿದು ಹೊತ್ತುಕೊಂಡಿದ್ದೆ. ಹೊತ್ತ ಮೇಲೆ ಹರಕೆ ಹರಕೆಯೇ. ನಮ್ಮ ಅತ್ತೆ ಹರಕೆ ಮುರಿದ ಮನೆಯ ಅಕ್ಕಿ ಮುಟ್ಟದವರು. “ಒತ್ತುಬುಟ್ಟವಳಲ್ಲ” ಎಂದು ತಲೆ ಚಚ್ಚಿಕೊಂಡರು. ದಳ್ಳಾಳಿ ಕಾಫಿ ಕುಡಿದು, ಮೀಸೆ ಒರೆಸಿಕೊಂಡು, “ಆಗ್ಲಿ ಬುಡಿ, ಮಾರನೇ ದಿನ ಗಾಡಿ ತತ್ತೀನಿ. ಈವಮ್ಮ ಉಳುದ್ರೆ” ಅಂದ. ನಮ್ಮ ಮನೆಯವರು ನನಗೆ ಹೇಳಿದ್ದು ಒಂದೇ ಮಾತು: “ದೇವಸ್ಥಾನದ ತಾವ ಇದು ಎಗರಾಡಿ ಯಾರಿಗಾರ ಏಟಾದ್ರೆ, ಅಲ್ಲಿಂದಲೇ ಗೂಡಿಗೆ. ಆಮೇಲೆ ದೇವ್ರು ಬಂದು ಏಳುದ್ರೂ ಕೇಳಾಕಿಲ್ಲ.”

ಒಪ್ಪಿದೆ.

ಹರಕೆ ಹೊರುವುದು ಸುಲಭ, ಕುದುರೆ ನಡೆಸುವುದು ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ವಿಷಯ, ಅದೂ ಅಡುಗೆಮನೆಯಿಂದ ಗೊತ್ತಾಗಿದ್ದು. ಮಂಗಳವಾರ ಬೆಳಿಗ್ಗೆ ಗೋಡೆಗೆ ಒದೆ ಬೀಳುತ್ತಿರಲಿಲ್ಲ. ಮಿಕ್ಕ ದಿನವೆಲ್ಲ ಬೀಳುತ್ತಿತ್ತು. ಮೊದಮೊದಲು ನಾನು ಅದನ್ನು ದೀಪದ ಮುಂದೆ ಒಪ್ಪಿಸುವ ಸಣ್ಣ ಲೆಕ್ಕಕ್ಕೆ ಸೇರಿಸಿದ್ದೆ, ಅಷ್ಟೇ. ಒಂದು ದಿನ ಅನ್ನ ಬಸಿಯುತ್ತಾ ಯೋಚಿಸಿದೆ. ಸೋಮವಾರ ನಾನು ಒಪ್ಪತ್ತು. ಬೆಳಿಗ್ಗೆ ಮನೆಯವರಿಗೆ ಗ್ಯಾಸಿನ ಮೇಲೆ ಏನಾದರೂ ಮಾಡಿಟ್ಟು ಗುಡಿಗೆ ಹೋಗುತ್ತೇನೆ, ಹಿತ್ತಿಲ ಒಲೆ ಹಚ್ಚುವುದಿಲ್ಲ. ಹಿತ್ತಿಲ ಒಲೆಯ ಮೇಲೆ ದಿನಾ ಬೇಯುವುದು ಕುದುರೆಯ ಹುರುಳಿ. ಅಂದರೆ ಸೋಮವಾರ ಕುದುರೆಗೂ ಬರೀ ಹುಲ್ಲು.

ನಮ್ಮವರು ಅದನ್ನು ಹೋರಿ ಸಾಕಿದ ಹಾಗೆ ಸಾಕುತ್ತಿದ್ದರು! ನಮ್ಮ ಜಿಲ್ಲೆಯ ಗಂಡಸರಿಗೆ ಬಾಗಿಲಲ್ಲಿ ಕಟ್ಟಿದ ಪ್ರಾಣಿ ಮಿರಮಿರ ಮಿಂಚದಿದ್ದರೆ ಮಾನ ಹೋದಂತೆ. ಬೇಯಿಸಿದ ಹುರುಳಿ, ಅದರ ಮೇಲೆ ಬೆಲ್ಲ, ಆಲೆಮನೆಯಿಂದ ಬರುವಾಗ ಒಂದಿಷ್ಟು ಕಬ್ಬು. ಹೋರಿಯಾದರೆ ಇಷ್ಟು ತಿಂದು ನೊಗಕ್ಕೆ ಹೆಗಲು ಕೊಡುತ್ತದೆ, ಗದ್ದೆಯಲ್ಲಿ ಕರಗಿಸುತ್ತದೆ. ಈ ಕೂಸು ಇಷ್ಟನ್ನೂ ತಿಂದು, ಎತ್ತಿನ ಹಾಗೆ ಗಿಡ್ಡ ಹಗ್ಗದಲ್ಲಿ ಗೋದಲೆಗೆ ಕಟ್ಟಿಸಿಕೊಂಡು, ಬೆಳಗಿನಿಂದ ಸಂಜೆಯ ತನಕ ನಿಂತಲ್ಲೇ ನಿಂತಿರುತ್ತಿತ್ತು. ಗೋಡೆಗೆ ಒದೆಯದೆ ಇನ್ನೇನು ಮಾಡೀತು? ಹಬ್ಬದೂಟ ಮಾಡಿಸಿ ಕೋಣೆಗೆ ಹಾಕಿ ಚಿಲಕ ಹಾಕಿದರೆ ನಾನಾದರೂ ಒದೆಯುತ್ತಿದ್ದೆ.

ಮಾರನೆಯ ದಿನದಿಂದ ಹಂಡೆಯ ಹುರುಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿದೆ. ಬೆಲ್ಲವನ್ನು ಒಮ್ಮೆಗೇ ನಿಲ್ಲಿಸಿದೆ. ಹುಲ್ಲು ಮಾತ್ರ ಬೇಕಾದಷ್ಟು. ಹಗ್ಗವನ್ನು ಉದ್ದ ಮಾಡಿದೆ. ಸುದ್ದಿ ಬೋರ್‌ವೆಲ್ಲಿನ ಹತ್ತಿರ ನನಗಿಂತ ಮೊದಲೇ ತಲುಪಿತ್ತು.

“ಏನಮ್ಮಿ, ಕುದ್ರೆಗೂ ಒಪ್ಪತ್ತು ಮಾಡ್ಸೀಯಂತೆ? ತಲೆಗೆ ನೀರು ಉಯ್ದು ಇಬೂತಿ ಬಳುದ್ಯಾ?” ಪಕ್ಕದ ಮನೆಯ ಅಕ್ಕ ಕೇಳಿದಳು. ಬಿಂದಿಗೆ ಹಿಡಿದು ನಿಂತವರೆಲ್ಲ ನಕ್ಕರು.

“ಬಳುದೆ ಅಕ್ಕ. ನೀನೂ ಒಂದು ವಾರ ಒಪ್ಪತ್ತು ಮಾಡು, ನಾಲಿಗೆ ಒದಿಯೋದು ಕಮ್ಮಿ ಆಯ್ತದೆ.”

ಆಮೇಲೆ ನಡಿಗೆ. ಬೆಳಕು ಹರಿಯುತ್ತಿದ್ದಂತೆ ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುದುರೆಯ ಹಗ್ಗ ಹಿಡಿದು ನಾಲೆ ಏರಿಗೆ ಹೋಗುತ್ತಿದ್ದೆ. ಮೊದಲನೇ ದಿನ ಅದು ನನ್ನನ್ನು ನಡೆಸಿತು. ತೋಳು ಕಿತ್ತು ಬರುವಂತೆ ಎಳೆಯಿತು. ಅದರ ಶಕ್ತಿಗೆ ನನ್ನ ಶಕ್ತಿ ಯಾವ ಮೂಲೆಗೆ? ಎಳೆದಾಡಿ ಗೆಲ್ಲುವುದಿಲ್ಲ ಅಂತ ಅಲ್ಲೇ ಅರ್ಥವಾಯಿತು. ಕರು ಹಿಡಿಯುವಾಗ ಮಾಡುವ ಉಪಾಯ ಮಾಡಿದೆ. ಅದು ಎಳೆದರೆ ಅದರ ತಲೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕಲ್ಲಿನಂತೆ ನಿಲ್ಲುವುದು. ಬೈಯುವುದಿಲ್ಲ, ಜಗ್ಗುವುದಿಲ್ಲ. ನಿಂತು ಬಾಯಲ್ಲಿ ‘ನಮಃ ಶಿವಾಯ’ ಅನ್ನುತ್ತಿರುವುದು. ಯಾವಾಗ ಹಗ್ಗ ಸಡಿಲವಾಗುತ್ತದೋ ಆಗ ಮುಂದಿನ ಹೆಜ್ಜೆ. ಮತ್ತೆ ಎಳೆದರೆ ಮತ್ತೆ ನಿಲ್ಲುವುದು.

ನಮ್ಮ ಗದ್ದೆಯ ತೂಬಿನ ತನಕ ಹೋಗಿ ಬರುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಇಷ್ಟು ಜಪವನ್ನು ನಾನು ಯಾವ ಶಿವರಾತ್ರಿಯಲ್ಲೂ ಮಾಡಿರಲಿಲ್ಲ. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ನಮ್ಮೂರಿನವನೊಬ್ಬ, “ಅತ್ತಿಗೆ, ಕುದ್ರೆ ನಿಂತದೋ ನೀನೇ ನಿಂತಿದ್ದೀಯೋ?” ಎಂದು ದಿನಾ ಕೇಳುತ್ತಿದ್ದ. “ಇಬ್ಬರೂ ನಿಂತಿದ್ದೀವಿ, ನೀನು ಓಗಪ್ಪ” ಅನ್ನುತ್ತಿದ್ದೆ. ಗಂಡಸು ಹಿಡಿಯಬೇಕಾದ ಹಗ್ಗವನ್ನು ಹೆಂಗಸು ಹಿಡಿದಿದ್ದಾಳೆ ಎಂದು ಅರಳೀಕಟ್ಟೆಯಲ್ಲಿ ಮಾತಾಯಿತಂತೆ. ಆ ಹಗ್ಗ ಹಿಡಿದ ಗಂಡಸರ ಅಂಗಿಗೆ ತೋಳು ಹೊಲಿದುಕೊಟ್ಟವಳು ನಾನೇ ಎಂದು ಹೇಳಿಕಳಿಸಿದೆ.

ಉಳಿದದ್ದು ಸದ್ದು. ಅದಕ್ಕೆ ಕುಕ್ಕರು ಇತ್ತಲ್ಲ! ಅಡುಗೆಮನೆಯಿಂದ ಕೊಟ್ಟಿಗೆಗೆ ಒಂದು ಸಣ್ಣ ಕಿಟಕಿಯಿದೆ. ಕುಕ್ಕರು ಕೂಗಿದ ಕೂಡಲೇ ಅಲ್ಲಿಂದ ಒಂದು ಹಿಡಿ ಹುರುಳಿ ಚಾಚುವುದು. ಕೂಗು ಮೊದಲು, ಹುರುಳಿ ಆಮೇಲೆ. ಬೇರೆ ಹೊತ್ತಿನಲ್ಲಿ ಹುರುಳಿಯೇ ಇಲ್ಲ. ಮೊದಲ ದಿನಗಳಲ್ಲಿ ಒದ್ದು ಆಮೇಲೆ ತಿನ್ನುತ್ತಿತ್ತು. ಆಮೇಲೆ ಬೆಚ್ಚಿ ತಿನ್ನುತ್ತಿತ್ತು. ಕೊನೆಕೊನೆಗೆ ಕುಕ್ಕರು ಉಸ್ಸೆನ್ನುವ ಮೊದಲೇ ಕಿಟಕಿಯಲ್ಲಿ ಬಿಳಿ ಮೂತಿ. ಸಂಜೆ ಮಂಗಳಾರತಿಗೆ ಜಾಗಟೆ ಬಡಿಯುವಾಗಲೂ ಹಾಗೇ ಮಾಡಿದೆ. ಮೊದಲು ದೇವರಮನೆಯಲ್ಲಿ, ಆಮೇಲೆ ಹಿತ್ತಿಲ ಬಾಗಿಲಲ್ಲಿ, ಆಮೇಲೆ ಅದರ ಪಕ್ಕದಲ್ಲೇ. ಅತ್ತೆ ಜಗಲಿಯಿಂದ ಬೈದರು: “ಮಂಗಳಾರತಿ ದೇವ್ರಿಗೋ ಕುದ್ರೆಗೋ?” ನಾನು, “ಕುದ್ರೆ ಒಳಗೆ ಇರೋದು ಯಾರು ಅತ್ತೆ?” ಅಂದೆ. ಒಂದು ಸಂಜೆ ನನಗೆ ತಲೆನೋವು, ಮಲಗಿದ್ದೆ. ಹಿತ್ತಿಲಲ್ಲಿ ಜಾಗಟೆ ಕೇಳಿಸಿತು. ಎದ್ದು ನೋಡಿದರೆ ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದಾರೆ, ಕುದುರೆ ಅವರ ಮಡಿಲಿನಿಂದ ಹುರುಳಿ ತಿನ್ನುತ್ತಿದೆ. ನೋಡದವಳಂತೆ ಬಂದು ಮಲಗಿಕೊಂಡೆ. ಆ ದಿನ ದೇವರಿಗೆ ಒಪ್ಪಿಸಿದ್ದು ಅದನ್ನೇ.

ಕಡೆಯ ಸೋಮವಾರ ಬಂತು. ತಲೆಗೆ ನೀರು ಹಾಕಿಕೊಂಡು, ಕುದುರೆಯ ಮೈಯನ್ನೂ ತೊಳೆದು, ಹಗ್ಗ ಹಿಡಿದು ಹೊರಟೆ. ನಮ್ಮ ಮನೆಯವರು ಹಿಂದೆ ಮೊಪೆಡ್ಡಿನಲ್ಲಿ. ಜೊತೆಗೆ ಬರುತ್ತಿಲ್ಲ, ನಾಳೆಯ ದಳ್ಳಾಳಿಗಾಗಿ ಬರುತ್ತಿದ್ದೇನೆ ಎನ್ನುವ ಮುಖ. ಹಿಂದಿನ ಸಂಜೆ ಅವರು, “ದೇವಸ್ಥಾನದ ಬಸಪ್ಪನ್ನೇ ಕೇಳ್ಬುಡವಾ, ಕುದ್ರೆ ಇರಬೇಕಾ ಬ್ಯಾಡ್ವಾ ಅಂತ” ಎಂದಿದ್ದರು. ದೇವರಿಗೆ ಬಿಟ್ಟ ಆ ಬಸವ ನ್ಯಾಯ ಹೇಳುತ್ತಾನೆಂದು ಊರೂರಿನವರು ಅವನ ಮುಂದೆ ವ್ಯಾಜ್ಯ ಇಡುತ್ತಾರೆ, ನಾನೂ ಅವನ ಪಾದ ತೊಳೆದವಳೇ. ಆದರೆ ಒಪ್ಪಲಿಲ್ಲ. “ಬಸಪ್ಪನ್ನ ನಮ್ಮ ಯಾಪಾರಕ್ಕೆ ಎಳೀಬ್ಯಾಡಿ. ನಾನು ಅರಕೆ ಒತ್ತಿರೋದು ಕೇಳಾಕಲ್ಲ, ನಡೆಸಾಕೆ” ಅಂದಿದ್ದೆ.

ನಾಲೆ ಏರಿ ಮುಗಿದು ಟಾರು ರಸ್ತೆ ಸಿಕ್ಕಿತು. ಬಸ್ಸು ಹೋಯಿತು, ಕುದುರೆ ಕಿವಿ ಆಡಿಸಿತು, ಅಷ್ಟೇ. ಕಬ್ಬು ತುಂಬಿದ ಟ್ರಾಕ್ಟರು ಹಾಡು ಹಾಕಿಕೊಂಡು ಹೋಯಿತು, ಕಬ್ಬಿನ ಕಡೆ ಆಸೆಯಿಂದ ನೋಡಿತು. ನಾನು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಹಿಗ್ಗಬಾರದಾಗಿತ್ತು. ಬೇಲಿಗೆ ಸಿಕ್ಕಿಕೊಂಡಿದ್ದ ನೀಲಿ ಪ್ಲಾಸ್ಟಿಕ್ಕು ಗಾಳಿಗೆ ಒಮ್ಮೆ ಪಟಪಟ ಅಂದಿತು. ಕುದುರೆ ಪಕ್ಕಕ್ಕೆ ಹಾರಿತು. ಹಗ್ಗ ಬಿಡಲಿಲ್ಲ, ಅದಕ್ಕೇ ಬಿದ್ದೆ. ರಸ್ತೆಯ ಪಕ್ಕದ ಮಣ್ಣಿನಲ್ಲಿ ಎಳೆದುಕೊಂಡು ಹೋಯಿತು. ಸೀರೆ ಹರಿಯಿತು, ಮಂಡಿ ಕಿತ್ತು ರಕ್ತ ಬಂತು.

ಅವರು ಮೊಪೆಡ್ಡು ಬಿಸಾಡಿ ಓಡಿ ಬಂದರು. “ಬುಡು! ಹಗ್ಗ ಬುಡು ಅಂದ್ನಲ್ಲ! ಸಾಕು ನಡಿ ಮನೆಗೆ!”

ಎದ್ದು ನಿಂತೆ. ಕುದುರೆ ನನ್ನನ್ನೇ ನೋಡುತ್ತಾ ಮೈಯೆಲ್ಲ ನಡುಗುತ್ತಿತ್ತು. ಅದರ ತಲೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕಲ್ಲಿನಂತೆ ನಿಂತೆ. ಬಾಯಲ್ಲಿ ‘ನಮಃ ಶಿವಾಯ’ ಅನ್ನುತ್ತಿದ್ದೆ. ಅದರ ನಡುಕ ನಿಲ್ಲಲು ಹೊತ್ತು ಬೇಕಾಯಿತು. ಕೊನೆಗೆ ಅದು ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಿತು. ಹಗ್ಗ ಸಡಿಲವಾಯಿತು.

“ಅರಕೆ ನಂದು” ಅಂದೆ ಅವರಿಗೆ. “ನೀವು ಗಾಡಿ ಎತ್ಕೊಳಿ.”

ದೇವಸ್ಥಾನದ ಮುಂದೆ ಕಾರ್ತಿಕದ ಜನ. ಹಣ್ಣುಕಾಯಿ ಅಂಗಡಿಗಳು, ಇಳಿಯುವ ಬಸ್ಸು, ಹತ್ತುವ ಬಸ್ಸು. ಹರಿದ ಸೀರೆಯ ಹೆಂಗಸು ಬಿಳಿ ಕುದುರೆ ಹಿಡಿದು ಬಂದದ್ದನ್ನು ನೋಡಿ ಜನ ತಾವಾಗಿಯೇ ದಾರಿ ಬಿಟ್ಟರು. ಬಾಗಿಲ ಹತ್ತಿರ ಹೋಗುವುದಕ್ಕೂ ಮಂಗಳಾರತಿಯ ಸದ್ದು ಏಳುವುದಕ್ಕೂ ಸರಿಹೋಯಿತು. ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ. ಹಗ್ಗ ಬಿಗಿಯಾಯಿತು. ನಮ್ಮ ಮನೆಯವರು ಎರಡೂ ಕೈ ಚಾಚಿ ಜನರನ್ನು ಹಿಂದೆ ತಳ್ಳುತ್ತಿದ್ದರು.

ಕುದುರೆ ಹಾರಲಿಲ್ಲ. ಕಿವಿ ಎರಡನ್ನೂ ಮುಂದಕ್ಕೆ ನಿಲ್ಲಿಸಿ, ಜಾಗಟೆ ಬಡಿಯುತ್ತಿದ್ದವನ ಹತ್ತಿರ ನೆಟ್ಟಗೆ ನಡೆದು, ಅವನ ಪಂಚೆಯ ಮಡಿಲಿಗೆ ಮೂತಿ ಹಾಕಿ ಹುಡುಕತೊಡಗಿತು. ಸದ್ದಾಗಿದೆ, ಹುರುಳಿ ಎಲ್ಲಿ?

“ಲೇ ಲೇ, ಏನ್ಲಾ ಇದು! ಯಾರ್ದಮ್ಮ ಈ ಕುದ್ರೆ, ಪಂಚೆ ಬಿಚ್ತಾ ಅದೆ!” ಅವನು ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಪಂಚೆ ಹಿಡಿದುಕೊಂಡು ಹಿಂದೆ ಹಿಂದೆ ಹೋದ. ಕುದುರೆ ಮರ್ಯಾದೆಯಿಂದ ಮುಂದೆ ಮುಂದೆ ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ನಾನು ಗಂಟು ಕಟ್ಟಿ ತಂದಿದ್ದ ಹಿಡಿ ಹುರುಳಿಯನ್ನು ಸೆರಗಿನಿಂದ ಬಿಚ್ಚಿ ಅದರ ಬಾಯಿಗೆ ಹಿಡಿದೆ. ಅಲ್ಲಿಯ ತನಕ ತಡೆದುಕೊಂಡಿದ್ದ ಅಳು ಆಗ ಬಂತು. ಕಣ್ಣೀರು ಸುಳಿಯ ಕೆಲಸ ಎಂದು ಯಾರಾದರೂ ಹೇಳುವುದಾದರೆ ಹೇಳಿಕೊಳ್ಳಲಿ.

ಪೂಜಾರಪ್ಪ ವಿಭೂತಿ ಕೊಟ್ಟರು. ನನ್ನ ಹಣೆಗೆ ಇಟ್ಟುಕೊಂಡು, ಮಿಕ್ಕದ್ದನ್ನು ಕುದುರೆಯ ಎಡಗಣ್ಣಿನ ಕೆಳಗೆ, ಸುಳಿಯ ಮೇಲೆಯೇ ಬಳಿದೆ. ಮುಚ್ಚುವುದಕ್ಕಲ್ಲ. ಇಲ್ಲಿದೆ, ಎಲ್ಲರೂ ನೋಡಿ ಅಂತ.

ವಾಪಸ್ಸು ಬರುವಾಗ ಅವರು ಮೊಪೆಡ್ಡನ್ನು ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದರು. ನೀಲಿ ಪ್ಲಾಸ್ಟಿಕ್ಕಿನ ಹತ್ತಿರ ನಿಂತು ಅದನ್ನು ಬೇಲಿಯಿಂದ ಕಿತ್ತು, ಮಡಿಸಿ, ಮೊಪೆಡ್ಡಿನ ಚೀಲಕ್ಕೆ ಹಾಕಿಕೊಂಡರು. “ಕೊಟ್ಟಿಗೇಲಿ ಕಟ್ಟು. ಇದಕ್ಕೂ ಅಭ್ಯಾಸ ಆಗ್ಲಿ” ಅಂದರು.

ಮಾರನೆಯ ದಿನ ದಳ್ಳಾಳಿ ಗಾಡಿ ತಂದ. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಜಗಲಿಯಿಂದ, “ಅರಕೆ ಕುದ್ರೆ ಕಣಪ್ಪ, ಮಾರಂಗಿಲ್ಲ. ಕಾಫಿ ಕುಡ್ದು ಓಗು” ಅಂದರು. ಅವನು ಸುಳಿಯ ಮಾತು ತೆಗೆದ. “ಸುಳಿ ಅವಳ ನೆತ್ತೀಲೂ ಎರಡವೆ” ಎಂದು ಅತ್ತೆ ನನ್ನ ಕಡೆ ಕೈ ತೋರಿಸಿದರು. “ಅದಕ್ಕೇನು, ಇಪ್ಪತ್ತು ವರ್ಸದಿಂದ ಸಾಕ್ತಿಲ್ವಾ ನಾವು?”

ಗಾಡಿ ಖಾಲಿ ಹೋಯಿತು. ಕೊಟ್ಟಿಗೆಯಲ್ಲಿ ಕುದುರೆ ಕೆನೆಯಿತು. ಅತ್ತೆಗೆ ಉಮೇದು ಬಂತು. “ಪಾಪ, ನೆನ್ನೆ ಅಷ್ಟು ದೂರ ನಡುದದೆ. ಇವತ್ತು ಅದಕ್ಕೊಂದು ಅಂಡೆ ಉಳ್ಳಿಕಾಳು ಬೇಯಿಸಿ ಆಕಮ್ಮಿ. ಮೇಲೊಂಚೂರು ಬೆಲ್ಲ ಮಡಗು.”

“ಆಕಲ್ಲ” ಅಂದೆ. ಹಗ್ಗ ಬಿಚ್ಚಿಕೊಂಡು ನಾಲೆ ಏರಿಗೆ ಹೊರಟೆ.